ಸ್ವತಂತ್ರ ಮಾಧ್ಯಮ ಮತ್ತು ಹಕ್ಕುಸ್ವಾಮ್ಯ

ದೊಡ್ಡ ಉದ್ಯಮ ಸಮೂಹಗಳ, ರಾಜಕೀಯ ಪಕ್ಷಗಳ ಅಥವಾ ಸರ್ಕಾರದ ಒಡೆತನಕ್ಕೆ ಸೇರದೆ, ಓದುಗರ ಚಂದಾ, ದೇಣಿಗೆ, ಸಣ್ಣಪುಟ್ಟ ಜಾಹೀರಾತುಗಳ ಬಲದಲ್ಲಿ ನಡೆಯುವ ಪತ್ರಿಕೆ, ಜಾಲತಾಣ, ಯೂಟ್ಯೂಬ್ ವಾಹಿನಿ, ಪಾಡ್‌ಕಾಸ್ಟ್‌ಗಳನ್ನು ಒಟ್ಟಾಗಿ ಸ್ವತಂತ್ರ ಮಾಧ್ಯಮ ಎನ್ನುತ್ತಾರೆ. ಬರಹ, ಚಿತ್ರ, ಸಂಗೀತ, ಚಲನಚಿತ್ರ, ಧ್ವನಿಮುದ್ರಣ ಮೊದಲಾದ ಕೃತಿಗಳನ್ನು ನಕಲು ಮಾಡಲು, ಪ್ರಕಟಿಸಲು, ಅನುವಾದಿಸಲು, ಜನರಿಗೆ ತಲುಪಿಸಲು ಕೃತಿಯ ಒಡೆಯರಿಗೆ ಮಾತ್ರ ಕಾನೂನು ಕೊಟ್ಟಿರುವ ಅಧಿಕಾರವೇ ಹಕ್ಕುಸ್ವಾಮ್ಯ. ಟಿವಿ ನಿರೂಪಕನೊಬ್ಬ ಸುಳ್ಳು ಹೇಳಿದ ಎಂದು ತೋರಿಸಬೇಕಾದರೆ ಆತ ಹೇಳಿದ್ದನ್ನು ನೋಡುಗರ ಮುಂದೆ ಇಡಬೇಕು. ಇಟ್ಟ ಕೂಡಲೇ ಅದು ನಕಲು. ಸ್ವತಂತ್ರ ಮಾಧ್ಯಮವೂ ಹಕ್ಕುಸ್ವಾಮ್ಯವೂ ಎದುರುಬದುರಾಗುವುದು ಇಲ್ಲಿ.

ಮುದ್ರಣದ ಕಾಲದಲ್ಲಿ ಇದು ದೊಡ್ಡ ತೊಡಕಾಗಿರಲಿಲ್ಲ. ಪಿ. ಲಂಕೇಶರು 1980ರಲ್ಲಿ ಜಾಹೀರಾತಿನ ಹಂಗಿಲ್ಲದೆ ‘ಲಂಕೇಶ್ ಪತ್ರಿಕೆ’ ಶುರುಮಾಡಿದರು. ಅಂಥ ಪತ್ರಿಕೆ ಬೇರೊಂದು ಪತ್ರಿಕೆಯ ನಾಲ್ಕು ಸಾಲು ಎತ್ತಿಕೊಂಡು ಟೀಕಿಸಿದರೆ, ಸಿಟ್ಟಾದವರು ವಕೀಲರನ್ನು ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು. ಅಷ್ಟರಲ್ಲಿ ಸಂಚಿಕೆ ಊರೂರ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಮಾರಿಹೋಗಿರುತ್ತಿತ್ತು. ಈಗ ಆನ್‌ಲೈನ್‌ನಲ್ಲಿ ಒಂದು ನಮೂನೆ ತುಂಬಿ ಕಳಿಸಿದರೆ ವಿಡಿಯೊ ಮಾಯವಾಗುತ್ತದೆ. ಭಾರತದ ಕಾನೂನು ಟೀಕೆ ಮಾಡುವವರಿಗೆ ಕೊಟ್ಟಿರುವ ರಕ್ಷಣೆ ಕಡಿಮೆಯದಲ್ಲ. ಆ ರಕ್ಷಣೆ ಬಾಗಿಲಿಗೆ ಬರುವ ಮೊದಲೇ ತೀರ್ಮಾನ ಆಗಿಹೋಗುತ್ತಿದೆ ಎಂಬುದು ಇವತ್ತಿನ ಕಷ್ಟ.

ಕಾನೂನು ಬೆಳೆದ ಬಗೆ

ಹಕ್ಕುಸ್ವಾಮ್ಯದ ಮೊದಲ ಕಾಯಿದೆ 1710ರಲ್ಲಿ ಇಂಗ್ಲೆಂಡಿನಲ್ಲಿ ಜಾರಿಗೆ ಬಂತು. 1886ರ ಬರ್ನ್ ಒಪ್ಪಂದ ಈ ಹಕ್ಕನ್ನು ದೇಶಗಳ ಗಡಿ ದಾಟಿಸಿತು. ಬ್ರಿಟಿಷರ 1911ರ ಕಾಯಿದೆ ಕೆಲವು ಬದಲಾವಣೆಗಳೊಂದಿಗೆ 1914ರಲ್ಲಿ ಭಾರತಕ್ಕೆ ಬಂತು. ನಮ್ಮದೇ ಕಾಯಿದೆ 1957ರದು, ಅದು ಜಾರಿಯಾದದ್ದು 1958ರ ಜನವರಿ 21ರಂದು. ಕೃತಿಕಾರರು ತೀರಿಕೊಂಡ ಮೇಲೆ 50 ವರ್ಷ ಉಳಿಯುತ್ತಿದ್ದ ಹಕ್ಕನ್ನು, ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಹೊತ್ತಿನಲ್ಲಿ, 60 ವರ್ಷಕ್ಕೆ ಏರಿಸಲಾಯಿತು. ಇಂಟರ್‌ನೆಟ್ಟಿನ ಕಾಲಕ್ಕೆ ಕಾಯಿದೆಯನ್ನು ಹೊಂದಿಸಿದ ಮುಖ್ಯ ತಿದ್ದುಪಡಿ 2012ರದು. ಅದರ ಬೆನ್ನಿಗೆ 2013ರ ನಿಯಮಗಳು ಬಂದವು.

ಪತ್ರಿಕೋದ್ಯಮದ ಮಟ್ಟಿಗೆ ಮೊದಲು ತಿಳಿದಿರಬೇಕಾದ ಮಾತೆಂದರೆ, ಸಂಗತಿಗೆ ಹಕ್ಕುಸ್ವಾಮ್ಯ ಇಲ್ಲ. ಅದನ್ನು ಹೇಳಿದ ಬಗೆಗೆ ಇದೆ. ಕೃಷ್ಣರಾಜಸಾಗರದಲ್ಲಿ ಇಂದು ನೀರು ಎಷ್ಟು ಅಡಿ ಇದೆ ಎಂಬುದು ಯಾರ ಸ್ವತ್ತೂ ಅಲ್ಲ. ಅದರ ಬಗ್ಗೆ ವರದಿಗಾರರು ಬರೆದ ಮೂರು ಪ್ಯಾರಾಕ್ಕೆ ಒಡೆಯರಿದ್ದಾರೆ, ಕಟ್ಟೆಯ ಮೇಲೆ ನಿಂತು ತೆಗೆದ ಫೋಟೊಗೂ ಇದ್ದಾರೆ. ದಿನದ ಸುದ್ದಿಗೆ ಮತ್ತು ಬರಿಯ ಮಾಹಿತಿಗೆ ರಕ್ಷಣೆ ಇಲ್ಲವೆಂದು ಬರ್ನ್ ಒಪ್ಪಂದವೂ ಹೇಳುತ್ತದೆ.

ಈ ಮಾತು ನಮ್ಮಲ್ಲಿ ಪರೀಕ್ಷೆಗೆ ಬಂದದ್ದು ಕ್ರಿಕೆಟ್ಟಿನಿಂದ. ಪಂದ್ಯದ ಸ್ಕೋರನ್ನು ಎಸ್‌ಎಂಎಸ್ ಮೂಲಕ ಕಳಿಸುತ್ತಿದ್ದ ಸಣ್ಣ ಕಂಪನಿಗಳ ಮೇಲೆ ಸ್ಟಾರ್ ಇಂಡಿಯಾ ದೆಹಲಿ ಹೈಕೋರ್ಟಿಗೆ ಹೋಯಿತು. 2013ರ ಮಾರ್ಚ್‌ನಲ್ಲಿ ಏಕಸದಸ್ಯ ಪೀಠ, ಸ್ಕೋರು ಕಳಿಸುವ ಮೊದಲು ಸ್ವಲ್ಪ ಹೊತ್ತು ಕಾಯಬೇಕು ಎಂಬ ಅರ್ಥದ ಆದೇಶ ಕೊಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ಚೆಂಡು ಬೌಂಡರಿ ದಾಟಿತು ಎಂಬ ಸಂಗತಿ ಒಮ್ಮೆ ಜನರಿಗೆ ಗೊತ್ತಾದ ಮೇಲೆ ಅದನ್ನು ಹೇಳಲು ಯಾರ ಅಪ್ಪಣೆಯೂ ಬೇಡ ಎಂಬುದೇ ಆ ತೀರ್ಪಿನ ಹುರುಳು. ಸುದ್ದಿಯ ಮೇಲೆ ಹಣವಂತರು ಬೇಲಿ ಹಾಕುವ ಒಂದು ದಾರಿಯನ್ನು ಈ ತೀರ್ಪು ಮುಚ್ಚಿತು. ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಶೀರ್ಷಿಕೆಗೂ ಹಕ್ಕುಸ್ವಾಮ್ಯ ಇಲ್ಲವೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಸಿನಿಮಾ ಹೆಸರೊಂದರ ವ್ಯಾಜ್ಯದಲ್ಲಿ ಹೇಳಿದೆ. ಪತ್ರಿಕೆಯ ಹೆಸರು ಯಾರದು ಎಂಬ ಜಗಳಗಳು ಟ್ರೇಡ್‌ಮಾರ್ಕ್ ಮತ್ತು ಪತ್ರಿಕಾ ನೋಂದಣಿಯ ಕಾನೂನಿಗೆ ಸೇರಿದವು.

52ನೇ ಸೆಕ್ಷನ್

ಕಾಯಿದೆಯಲ್ಲಿ ಸ್ವತಂತ್ರ ಮಾಧ್ಯಮದ ಜೀವನಾಡಿ ಎಂದರೆ 52ನೇ ಸೆಕ್ಷನ್. ಖಾಸಗಿ ಬಳಕೆ ಮತ್ತು ಸಂಶೋಧನೆ, ಟೀಕೆ ಮತ್ತು ವಿಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿ, ಇವುಗಳಿಗಾಗಿ ಕೃತಿಯನ್ನು ನ್ಯಾಯೋಚಿತವಾಗಿ ಬಳಸಿದರೆ ಅದು ಉಲ್ಲಂಘನೆ ಅಲ್ಲ ಎಂದು ಅದು ಹೇಳುತ್ತದೆ. ಸಾರ್ವಜನಿಕವಾಗಿ ಮಾಡಿದ ಭಾಷಣದ ವರದಿಯೂ ಇದರಲ್ಲಿ ಸೇರಿದೆ. ಗೆಜೆಟ್‌ನಲ್ಲಿ ಬಂದದ್ದು, ಶಾಸನಸಭೆಯಲ್ಲಿ ಮಂಡನೆಯಾದ ಸಮಿತಿ ಮತ್ತು ಆಯೋಗಗಳ ವರದಿ, ನ್ಯಾಯಾಲಯವೇ ನಿಷೇಧಿಸದ ಹೊರತು ಅದರ ತೀರ್ಪು, ಇವನ್ನೆಲ್ಲ ಮರುಮುದ್ರಿಸಬಹುದು. ರಾಜಕೀಯ, ಆರ್ಥಿಕ, ಸಾಮಾಜಿಕ, ಧಾರ್ಮಿಕ ವಿಷಯಗಳ ಮೇಲಿನ ಪ್ರಚಲಿತ ಲೇಖನವನ್ನು, ಲೇಖಕರು ಹಕ್ಕು ಕಾದಿರಿಸಿದ್ದೇವೆಂದು ಸ್ಪಷ್ಟವಾಗಿ ಹೇಳಿರದಿದ್ದರೆ, ಇನ್ನೊಂದು ಪತ್ರಿಕೆ ಪ್ರಕಟಿಸಿಕೊಳ್ಳಲೂ ಅವಕಾಶವಿದೆ.

‘ಏಳು ಸೆಕೆಂಡಿನೊಳಗೆ ಇದ್ದರೆ ತೊಂದರೆ ಇಲ್ಲ’, ‘ಶೇಕಡಾ 10ರಷ್ಟು ಬಳಸಬಹುದು’ ಎಂಬ ಮಾತುಗಳು ವಿಡಿಯೊ ಮಾಡುವವರ ನಡುವೆ ಓಡಾಡುತ್ತಿರುತ್ತವೆ. ಕಾಯಿದೆಯಲ್ಲಿ ಅಂಥ ಅಳತೆ ಎಲ್ಲೂ ಇಲ್ಲ. ಎಷ್ಟು ಬಳಸಿದ್ದಾರೆ, ಯಾವ ಉದ್ದೇಶಕ್ಕೆ, ಮೂಲ ಕೃತಿಯ ಮಾರುಕಟ್ಟೆಗೆ ಇದು ಪೈಪೋಟಿ ಕೊಡುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ನ್ಯಾಯಾಲಯ ಕೇಳುತ್ತದೆ. ಈ ಮೂರನ್ನು ತೂಗಿ ನೋಡಿದ ಒಳ್ಳೆಯ ತೀರ್ಪು ಕೇರಳ ಹೈಕೋರ್ಟಿನದು, 1996ರದು. ತೋಪ್ಪಿಲ್ ಭಾಸಿಯವರ ಹೆಸರಾಂತ ಮಲಯಾಳ ನಾಟಕಕ್ಕೆ ಪ್ರತಿಯಾಗಿ ಸಿವಿಕ್ ಚಂದ್ರನ್ ಇನ್ನೊಂದು ನಾಟಕ ಬರೆದರು. ಮೂಲ ನಾಟಕದ ಪಾತ್ರಗಳನ್ನೂ ಮಾತುಗಳನ್ನೂ ಅದರಲ್ಲಿ ತಂದರು. ಭಾಸಿಯವರ ವಾರಸುದಾರರು ತಡೆ ಕೇಳಿದರು. ಮೂಲವನ್ನು ಟೀಕಿಸಲೆಂದೇ ಬರೆದದ್ದು, ಅದರ ಜಾಗ ಕಿತ್ತುಕೊಳ್ಳಲು ಅಲ್ಲ ಎಂದು ಹೈಕೋರ್ಟ್ ತಡೆ ಕೊಡಲಿಲ್ಲ. ಟಿವಿಯನ್ನು ಟೀಕಿಸುವ ಯೂಟ್ಯೂಬ್ ವಾಹಿನಿಗೂ ಈ ತರ್ಕವೇ ಅಡಿಪಾಯ.

ಕರ್ನಾಟಕದಿಂದ ಹೊರಟು ಸುಪ್ರೀಂ ಕೋರ್ಟ್ ಮುಟ್ಟಿದ ಪ್ರಕರಣವೂ ಒಂದಿದೆ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು ರಚಿಸಿದ ನೃತ್ಯನಾಟಕಗಳ ಹಕ್ಕನ್ನು 1994ರ ಉಯಿಲಿನಲ್ಲಿ ಮಾಲಿನಿ ಮಲ್ಯ ಅವರಿಗೆ ಬರೆದಿಟ್ಟಿದ್ದರು. ಕಾರಂತರು ತೀರಿಕೊಂಡ ಮೇಲೆ, 2001ರಲ್ಲಿ, ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಅವುಗಳಲ್ಲಿ ಒಂದನ್ನು ದೆಹಲಿಯಲ್ಲಿ ಆಡಿಸಿತು. ಮಾಲಿನಿ ಮಲ್ಯ ಉಡುಪಿಯಲ್ಲಿ ಹೂಡಿದ ದಾವೆ ಹೈಕೋರ್ಟ್ ದಾಟಿ, 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಯಿತು. ಹಕ್ಕು ಮಾಲಿನಿ ಮಲ್ಯ ಅವರದೇ ಎಂದು ನ್ಯಾಯಾಲಯ ಒಪ್ಪಿತು. ಹಾಗಿದ್ದರೂ 52ನೇ ಸೆಕ್ಷನ್ ಬಿಟ್ಟುಕೊಟ್ಟಿರುವ ಬಳಕೆಗೆ ತಡೆಯಾಜ್ಞೆ ಅಡ್ಡಬರುವುದಿಲ್ಲ ಎಂದು ಬಿಡಿಸಿ ಹೇಳಿತು. ಒಡೆತನ ಎಷ್ಟು ಗಟ್ಟಿಯಾಗಿದ್ದರೂ 52ನೇ ಸೆಕ್ಷನ್ ಅದರ ಪಕ್ಕದಲ್ಲಿ ನಿಂತೇ ಇರುತ್ತದೆ.

ತೀರ ಚಿಕ್ಕ ಬಳಕೆಯನ್ನು ಕಾನೂನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು ಎಂಬ ತತ್ವವೂ ನಮ್ಮಲ್ಲಿದೆ. ಬೆಂಗಳೂರಿನವರಾದ ಗಾಯಕಿ ವಸುಂಧರಾ ದಾಸ್ ಇಂಡಿಯಾ ಟಿವಿಯ ಮಾತುಕತೆಯ ಕಾರ್ಯಕ್ರಮದಲ್ಲಿ ಚಿತ್ರಗೀತೆಗಳ ಕೆಲವು ಸಾಲು ಹಾಡಿದರು. ಅದಕ್ಕೆ ಯಶರಾಜ್ ಫಿಲ್ಮ್ಸ್ ದಾವೆ ಹೂಡಿತು. ಗಾಯಕಿಯೊಬ್ಬರು ತಮ್ಮ ಬದುಕಿನ ಕಥೆ ಹೇಳುತ್ತ ಗುನುಗಿದ ಸಾಲುಗಳ ಮೇಲೆ ಕಾನೂನಿನ ಪೂರ್ತಿ ಭಾರ ಹೇರುವುದು ಸಲ್ಲದು ಎಂಬ ನಿಲುವಿಗೆ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2012ರಲ್ಲಿ ಬಂತು. ಯಂತ್ರಗಳು ಹಾಡಿನ ತುಣುಕು ಹಿಡಿಯುವ ಈ ದಿನಗಳಲ್ಲಿ ಆ ತೀರ್ಪು ಇನ್ನೂ ಹೆಚ್ಚು ಬೇಕಾಗಿದೆ.

ಸ್ಟ್ರೈಕ್

ಇಷ್ಟು ರಕ್ಷಣೆ ಇದ್ದೂ ಸಣ್ಣ ವಾಹಿನಿಗಳು ಹೆದರುವುದು ಏಕೆ? ಮೂರು ಜನ ಸೇರಿ ನಡೆಸುವ ಕನ್ನಡ ವಾಹಿನಿಯೊಂದನ್ನು ನೆನೆದುಕೊಳ್ಳಿ. ಒಂದು ಕೋಣೆ, ಒಂದು ಕ್ಯಾಮೆರಾ, ಎಡಿಟಿಂಗ್‌ಗೆ ಒಂದು ಲ್ಯಾಪ್‌ಟಾಪ್. ಟಿವಿ ಚರ್ಚೆಯೊಂದರ ಹನ್ನೆರಡು ಸೆಕೆಂಡಿನ ತುಣುಕು ತೋರಿಸಿ, ಅಲ್ಲಿ ಹೇಳಿದ ಅಂಕಿ ಅಂಶ ತಪ್ಪು ಎಂದು ದಾಖಲೆ ಸಮೇತ ವಿವರಿಸಿದ ಇಪ್ಪತ್ತು ನಿಮಿಷದ ವಿಡಿಯೊ. ಬೆಳಿಗ್ಗೆ ನೋಡಿದರೆ ಯೂಟ್ಯೂಬಿನಿಂದ ಮೇಲ್ ಬಂದಿದೆ: ಹಕ್ಕುಸ್ವಾಮ್ಯದ ದೂರು ಬಂದ ಕಾರಣ ವಿಡಿಯೊ ತೆಗೆಯಲಾಗಿದೆ, ವಾಹಿನಿಗೆ ಒಂದು ಸ್ಟ್ರೈಕ್ ಬಿದ್ದಿದೆ. ಹೀಗೆ 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ವಾಹಿನಿಯೇ ಹೋಗುತ್ತದೆ. ಅದರ ಜೊತೆಗೆ ವರ್ಷಗಟ್ಟಲೆ ಮಾಡಿದ ವಿಡಿಯೊಗಳೆಲ್ಲ ಹೋಗುತ್ತವೆ, ಚಂದಾದಾರರೂ ಹೋಗುತ್ತಾರೆ. ಬೀದಿ ಬದಿಯ ಅಂಗಡಿಯವನ ಗಾಡಿಯನ್ನೇ ಎತ್ತಿಕೊಂಡು ಹೋದಂತೆ.

ಈ ಪದ್ಧತಿಯ ಬೇರು ಅಮೆರಿಕದ 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯಿದೆಯಲ್ಲಿದೆ. ದೂರು ಬಂದ ಕೂಡಲೇ ತೆಗೆದುಹಾಕುವ ವೇದಿಕೆಗೆ ಹೊಣೆಗಾರಿಕೆಯಿಂದ ಆ ಕಾಯಿದೆ ರಕ್ಷಣೆ ಕೊಡುತ್ತದೆ. ಹೀಗಾಗಿ ತೆಗೆಯುವುದೇ ವೇದಿಕೆಗೆ ಕ್ಷೇಮ. ಉಳಿಸಿಕೊಂಡರೆ ತಲೆನೋವು. ಪ್ರತಿವಾದ ಸಲ್ಲಿಸಲು ಅವಕಾಶವಿದೆ. ಸಲ್ಲಿಸಿದರೆ ಹೆಸರು, ವಿಳಾಸ ದೂರುದಾರರ ಕೈ ಸೇರುತ್ತದೆ, ವ್ಯಾಜ್ಯ ನಡೆಸಲು ಸಿದ್ಧ ಎಂದು ಬರೆದುಕೊಡಬೇಕಾಗುತ್ತದೆ. ತಿಂಗಳಿಗೆ ಕೋಣೆಯ ಬಾಡಿಗೆ ಹೊಂದಿಸುವುದೇ ಕಷ್ಟವಾದವರು ಅಲ್ಲಿಗೆ ಕೈಚೆಲ್ಲುತ್ತಾರೆ. 2007ರಿಂದ ಯೂಟ್ಯೂಬ್ ಬಳಸುತ್ತಿರುವ ಕಂಟೆಂಟ್ ಐಡಿ ಎಂಬ ಯಂತ್ರವ್ಯವಸ್ಥೆ ಹಾಡು, ದೃಶ್ಯಗಳನ್ನು ತಾನೇ ಗುರುತಿಸುತ್ತದೆ. ಒಂದು ತುಣುಕು ಇನ್ನೊಂದಕ್ಕೆ ಹೋಲುತ್ತದೆಯೇ ಎಂದು ಅದಕ್ಕೆ ಗೊತ್ತು. ಟೀಕೆಗೆ ಬಳಸಿದ್ದೋ ಕದ್ದದ್ದೋ ಎಂದು ಅದಕ್ಕೆ ಗೊತ್ತಿಲ್ಲ.

ನಮ್ಮ ಕಾನೂನು ಇದಕ್ಕಿಂತ ಚೆನ್ನಾಗಿದೆ ಎಂಬುದನ್ನು ಒತ್ತಿ ಹೇಳಬೇಕು. 2013ರ ನಿಯಮಗಳಲ್ಲಿ 75ನೆಯದನ್ನು ನೋಡಿ. ದೂರು ಕೊಡುವವರು ತಾವು ಹಕ್ಕುದಾರರು ಎಂದು ತೋರಿಸಿದರೆ ಸಾಲದು. ಈ ಬಳಕೆ 52ನೇ ಸೆಕ್ಷನ್ನಿನ ಅಡಿ ಬರುವುದಿಲ್ಲ ಎಂಬುದಕ್ಕೂ ವಿವರ ಕೊಡಬೇಕು. ದಾವೆ ಹೂಡಿ 21 ದಿನದೊಳಗೆ ನ್ಯಾಯಾಲಯದ ಆದೇಶ ತರುತ್ತೇವೆಂದು ಬರೆದುಕೊಡಬೇಕು. ದೂರು ಸರಿ ಎನಿಸಿದರೆ ವೇದಿಕೆ 36 ಗಂಟೆಯೊಳಗೆ ಅದನ್ನು ಮರೆಮಾಡುತ್ತದೆ. 21 ದಿನವಾದರೂ ಆದೇಶ ಬರದಿದ್ದರೆ ಮತ್ತೆ ತೋರಿಸಬಹುದು. ನಿರ್ಧಾರ ನ್ಯಾಯಾಲಯದ್ದು, ದೂರು ಕೊಟ್ಟವರದಲ್ಲ ಎಂಬ ತಿಳಿವಳಿಕೆ ಈ ನಿಯಮದ ಒಂದೊಂದು ಸಾಲಿನಲ್ಲೂ ಇದೆ. ಆಧಾರವಿಲ್ಲದೆ ಹಕ್ಕುಸ್ವಾಮ್ಯದ ಹೆಸರಿನಲ್ಲಿ ಬೆದರಿಸುವವರ ಮೇಲೆಯೇ ದಾವೆ ಹೂಡಿ ತಡೆಯಾಜ್ಞೆ ಮತ್ತು ಪರಿಹಾರ ಪಡೆಯಲು 60ನೇ ಸೆಕ್ಷನ್ ದಾರಿ ಕೊಡುತ್ತದೆ. ಆದರೆ ಜಾಗತಿಕ ವೇದಿಕೆಗಳು ನಡೆಯುವುದು ತಮ್ಮದೇ ಪದ್ಧತಿಯಲ್ಲಿ. ಬೆಂಗಳೂರಿನ ದೂರು, ಬೆಂಗಳೂರಿನ ವಾಹಿನಿ, ಆದರೂ ಅಳತೆಗೋಲು ಅಮೆರಿಕದ್ದು.

ಇದರ ಬಿಸಿ ತಟ್ಟಿದ ಉದಾಹರಣೆಗಳು ಸಾರ್ವಜನಿಕ ದಾಖಲೆಯಲ್ಲಿವೆ. 2012ರಲ್ಲಿ ಆರಂಭವಾದ, ಓದುಗರ ಚಂದಾದಿಂದ ನಡೆಯುವ ನ್ಯೂಸ್‌ಲಾಂಡ್ರಿ ಟಿವಿ ವಾಹಿನಿಗಳ ವರದಿಗಾರಿಕೆಯನ್ನು ವಿಮರ್ಶಿಸುವುದಕ್ಕೆ ಹೆಸರಾದ ಸಂಸ್ಥೆ. ಆಜ್ ತಕ್, ಇಂಡಿಯಾ ಟುಡೇ ವಾಹಿನಿಗಳ ಒಡೆಯರಾದ ಟಿವಿ ಟುಡೇ ಸಂಸ್ಥೆ ಅದರ ವಿಡಿಯೊಗಳ ಮೇಲೆ ದೂರು ಕೊಟ್ಟಿತು. 2021ರಲ್ಲಿ ಹಕ್ಕುಸ್ವಾಮ್ಯ ಉಲ್ಲಂಘನೆ ಮತ್ತು ಮಾನಹಾನಿಗಾಗಿ 2 ಕೋಟಿ ರೂಪಾಯಿ ಕೇಳಿ ದೆಹಲಿ ಹೈಕೋರ್ಟಿನಲ್ಲಿ ದಾವೆಯನ್ನೂ ಹೂಡಿತು. 2022ರ ಜುಲೈನಲ್ಲಿ ನ್ಯಾಯಮೂರ್ತಿ ಆಶಾ ಮೆನನ್ ಮಧ್ಯಂತರ ತಡೆಯಾಜ್ಞೆ ಕೊಡಲು ನಿರಾಕರಿಸಿದರು. ನ್ಯಾಯೋಚಿತ ಬಳಕೆಯೋ ಅಲ್ಲವೋ ಎಂಬುದು ವಿಚಾರಣೆಯಲ್ಲಿ ಸಾಕ್ಷ್ಯ ನೋಡಿ ತೀರ್ಮಾನವಾಗಬೇಕಾದ ಸಂಗತಿ ಎಂದರು. ವ್ಯಾಜ್ಯ ಮೇಲ್ಮನವಿಗೆ ಹೋಯಿತು. ಯೂಟ್ಯೂಬಿನ ಒಂದು ಮೇಲ್ ಒಂದೇ ದಿನದಲ್ಲಿ ಮುಗಿಸುವ ಪ್ರಶ್ನೆಗೆ ಸಾಕ್ಷ್ಯ, ಪಾಟಿಸವಾಲು ಎಲ್ಲ ಬೇಕು ಎಂದು ಹೈಕೋರ್ಟ್ ಹೇಳುತ್ತಿದೆ. ಎರಡರ ನಡುವಿನ ಅಂತರ ಅಷ್ಟು ದೊಡ್ಡದು.

2025ರ ಮೇ ತಿಂಗಳಲ್ಲಿ ಯೂಟ್ಯೂಬರ್ ಮೋಹಕ್ ಮಂಗಲ್, ಸುದ್ದಿಸಂಸ್ಥೆ ಎಎನ್‌ಐ ಕೆಲವೇ ಸೆಕೆಂಡುಗಳ ತುಣುಕುಗಳಿಗಾಗಿ ತಮಗೆ ಸ್ಟ್ರೈಕ್ ಹಾಕಿಸಿ, ಆ ಸ್ಟ್ರೈಕ್‌ಗಳನ್ನು ತೆಗೆಸಲು ಲಕ್ಷಾಂತರ ರೂಪಾಯಿಯ ಪರವಾನಗಿ ಕೊಳ್ಳುವಂತೆ ಕೇಳಿತು ಎಂದು ಆರೋಪಿಸಿದರು. ಬೇರೆ ಯೂಟ್ಯೂಬರ್‌ಗಳೂ ದನಿಗೂಡಿಸಿದರು. ತನ್ನ ಹಕ್ಕು ಕಾಪಾಡಿಕೊಳ್ಳುವುದು ಕಾನೂನುಬದ್ಧ ಎಂದ ಎಎನ್‌ಐ ದೆಹಲಿ ಹೈಕೋರ್ಟಿನಲ್ಲಿ ಮಾನನಷ್ಟದ ದಾವೆ ಹೂಡಿತು. ವಿಡಿಯೊದ ಕೆಲವು ಭಾಗ ತೆಗೆಯುವಂತೆ ನ್ಯಾಯಾಲಯ ಸೂಚಿಸಿತು. ವೈಯಕ್ತಿಕ ಆರೋಪ ಪ್ರತ್ಯಾರೋಪಗಳ ಸತ್ಯಾಸತ್ಯ ನ್ಯಾಯಾಲಯಕ್ಕೆ ಬಿಟ್ಟದ್ದು. ವ್ಯವಸ್ಥೆಯ ಲೋಪ ಮಾತ್ರ ಯಾರಿಗೂ ಕಾಣುವಂಥದು: ಮೂರನೆಯ ಸ್ಟ್ರೈಕಿನ ಭಯದಲ್ಲಿರುವವರು ಬೆಲೆ ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ.

ಇದರ ಮೇಲೆ ಕ್ರಿಮಿನಲ್ ಕಾನೂನಿನ ನೆರಳೂ ಇದೆ. 63ನೇ ಸೆಕ್ಷನ್ ಪ್ರಕಾರ ಬೇಕೆಂದೇ ಮಾಡಿದ ಉಲ್ಲಂಘನೆಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಇದು ಜಾಮೀನುರಹಿತ ಅಪರಾಧ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಕಲಿ ಸಿ.ಡಿ. ಮಾರುವ ಜಾಲಕ್ಕೆ ಈ ಕಠಿಣತೆ ಸರಿ ಇರಬಹುದು. ಪತ್ರಕರ್ತರ ಮೇಲೆ ಇದು ತೂಗುಕತ್ತಿ.

ಕರ್ನಾಟಕದ ಮೂರು ಸಂದರ್ಭಗಳು

ಮೊದಲನೆಯದು ಪತ್ರಿಕೋದ್ಯಮಕ್ಕೆ ನೇರವಾಗಿ ಸೇರಿದ್ದಲ್ಲ, ಆದರೆ ಅದರ ಪಾಠ ಸೇರಿದ್ದು. ‘ಕೆಜಿಎಫ್ ಚಾಪ್ಟರ್ 2’ ಹಾಡುಗಳನ್ನು ಕಾಂಗ್ರೆಸ್ಸಿನ ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಲ್ಲಿ ಅನುಮತಿ ಇಲ್ಲದೆ ಬಳಸಲಾಗಿದೆ ಎಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ದೂರಿತು. 2022ರ ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯುವಂತೆ ಆದೇಶಿಸಿತು. ಮರುದಿನವೇ ಕರ್ನಾಟಕ ಹೈಕೋರ್ಟ್ ಆ ಆದೇಶವನ್ನು ಬದಿಗಿಟ್ಟು, ಆಕ್ಷೇಪವಿರುವ ತುಣುಕು ತೆಗೆದರೆ ಸಾಕು ಎಂದಿತು. ವಿವಾದ ಇದ್ದದ್ದು ಮುಕ್ಕಾಲು ನಿಮಿಷದ ತುಣುಕಿನ ಬಗ್ಗೆ. ಅದಕ್ಕಾಗಿ ಇಡೀ ಖಾತೆಯ ಬಾಯಿ ಮುಚ್ಚಿಸುವುದು ಸಲ್ಲದು. ಒಂದು ರಾಷ್ಟ್ರೀಯ ಪಕ್ಷಕ್ಕೆ ಒಂದೇ ದಿನದಲ್ಲಿ ಸಿಕ್ಕ ಈ ನ್ಯಾಯ ಮೂರು ಸ್ಟ್ರೈಕ್ ಬಿದ್ದ ಸಣ್ಣ ವಾಹಿನಿಗೂ ಸಿಗಬೇಕಲ್ಲವೇ?

ಎರಡನೆಯದು ಹೆಚ್ಚು ಸೂಕ್ಷ್ಮವಾದದ್ದು. ಕರ್ನಾಟಕ ಹೈಕೋರ್ಟ್ ಕಲಾಪವನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿ ನ್ಯಾಯದಾನವನ್ನು ಜನರ ಮನೆಗೆ ತಂದಿತು. ಅದಕ್ಕಾಗಿ ರೂಪಿಸಿದ ನಿಯಮಗಳು 2022ರ ಜನವರಿಯಿಂದ ಜಾರಿಯಲ್ಲಿವೆ. ಆ ನಿಯಮಗಳ ಪ್ರಕಾರ ಪ್ರಸಾರದ ಮುದ್ರಿಕೆಯ ಹಕ್ಕುಸ್ವಾಮ್ಯ ನ್ಯಾಯಾಲಯದ್ದೇ, ಅಧಿಕೃತರಲ್ಲದ ಯಾರೂ ಅದನ್ನು ಮುದ್ರಿಸಿಕೊಂಡು ಹಂಚುವಂತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಆ ಹೈಕೋರ್ಟಿನ ನ್ಯಾಯಪೀಠದಿಂದ ಬಂದ, ಆಕ್ಷೇಪಕ್ಕೀಡಾದ ಕೆಲವು ಮಾತುಗಳ ತುಣುಕು ದೇಶದ ತುಂಬ ಹರಿದಾಡಿತು. ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ವಿಷಯ ಕೈಗೆತ್ತಿಕೊಂಡಿತು, ನ್ಯಾಯಮೂರ್ತಿಯವರಿಂದ ವಿಷಾದ ವ್ಯಕ್ತವಾದ ಮೇಲೆ ಅದನ್ನು ಮುಗಿಸಿತು. ಅದೇ ದಿನಗಳಲ್ಲಿ ಬೆಂಗಳೂರಿನ ವಕೀಲರ ಸಂಘದ ಅರ್ಜಿಯ ಮೇಲೆ ಹೈಕೋರ್ಟ್, ನೇರ ಪ್ರಸಾರದ ತುಣುಕುಗಳನ್ನು ಬಳಸದಂತೆ ಕೆಲವು ವಾಹಿನಿಗಳಿಗೆ ಮಧ್ಯಂತರ ತಡೆ ಹಾಕಿತು. ಕಲಾಪವನ್ನು ಕತ್ತರಿಸಿ, ಹಿನ್ನೆಲೆ ಸಂಗೀತ ಹಾಕಿ, ವಕೀಲರನ್ನು ಗೇಲಿ ಮಾಡಿ ದುಡ್ಡು ಮಾಡುವ ವಿಡಿಯೊಗಳು ಇರುವುದು ನಿಜ. ಅವನ್ನು ತಡೆಯಲು ಹಕ್ಕುಸ್ವಾಮ್ಯ ತಕ್ಕ ಸಾಧನವಲ್ಲ. ಬರೆದ ತೀರ್ಪನ್ನು ಯಾರು ಬೇಕಾದರೂ ಅಚ್ಚು ಮಾಡಬಹುದು ಎಂದು ಕಾಯಿದೆ ಹೇಳುತ್ತದೆ. ಅದೇ ನ್ಯಾಯಪೀಠ ಬಾಯಲ್ಲಿ ಆಡಿದ್ದನ್ನು ವರದಿಗಾರರು ತೋರಿಸಬಾರದು ಎಂದರೆ ಹೊಂದುವುದಿಲ್ಲ. ಆ ತುಣುಕು ಹೊರಬರದೇ ಹೋಗಿದ್ದರೆ ಸುಪ್ರೀಂ ಕೋರ್ಟಿನ ಗಮನಕ್ಕೂ ಬರುತ್ತಿರಲಿಲ್ಲ.

ಮೂರನೆಯದು ವಿಧಾನಸಭೆಯದು. 2019ರ ಅಕ್ಟೋಬರ್‌ನಲ್ಲಿ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ಸದನದಿಂದ ಹೊರಗಿಡಲಾಯಿತು. ಅಧಿಕೃತ ಕ್ಯಾಮೆರಾ ತೋರಿಸಿದ್ದನ್ನೇ ಎಲ್ಲರೂ ತೆಗೆದುಕೊಳ್ಳಬೇಕಾಯಿತು. ಇದು ಹಕ್ಕುಸ್ವಾಮ್ಯದ ಆದೇಶವಲ್ಲ. ಆದರೆ ಒಂದು ಘಟನೆಯ ದೃಶ್ಯ ಒಂದೇ ಕೈಯಲ್ಲಿದ್ದಾಗ, ಆ ದೃಶ್ಯದ ಹಕ್ಕು ಘಟನೆಯ ಮೇಲಿನ ಹಕ್ಕೇ ಆಗಿಬಿಡುತ್ತದೆ. 52ನೇ ಸೆಕ್ಷನ್ ಹೆಚ್ಚು ಬೇಕಾಗುವುದು ಇಂಥ ಕಡೆ.

ಸಣ್ಣವರೂ ಒಡೆಯರೇ

ಸ್ವತಂತ್ರ ಪತ್ರಕರ್ತರನ್ನು ಬರೀ ಇನ್ನೊಬ್ಬರ ಕೃತಿ ಬಳಸುವವರು ಎಂದು ನೋಡುವುದು ತಪ್ಪು. ಪ್ರವಾಹದ ನೀರಿನಲ್ಲಿ ಇಳಿದು ತಾಲ್ಲೂಕು ವರದಿಗಾರರು ಮೊಬೈಲಿನಲ್ಲಿ ತೆಗೆದ ದೃಶ್ಯ ಸಂಜೆಯೊಳಗೆ ಹತ್ತಾರು ಕಡೆ, ಹೆಸರಿಲ್ಲದೆ, ಮೂಲೆಯಲ್ಲಿ ಬೇರೆಯವರ ಲೋಗೊ ಅಂಟಿಸಿಕೊಂಡು ಓಡುವುದನ್ನು ನಾವೆಲ್ಲ ನೋಡಿದ್ದೇವೆ. ಹಕ್ಕುಸ್ವಾಮ್ಯಕ್ಕೆ ನೋಂದಣಿ ಬೇಕಿಲ್ಲ. ದೃಶ್ಯ ಮೂಡಿದ ಗಳಿಗೆಯಿಂದ ಹಕ್ಕು ಹುಟ್ಟುತ್ತದೆ. ಸಂಬಳಕ್ಕೆ ಕೆಲಸ ಮಾಡುವ ಪತ್ರಕರ್ತರ ಬರಹದಲ್ಲಿ ಪತ್ರಿಕೆಯಲ್ಲಿ ಪ್ರಕಟಿಸುವ ಹಕ್ಕು ಮಾಲೀಕರಿಗೆ ಹೋಗುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಉಳಿದ ಹಕ್ಕು, ಪುಸ್ತಕವಾಗಿ ತರುವುದೂ ಸೇರಿ, ಬರೆದವರಲ್ಲೇ ಉಳಿಯುತ್ತದೆ ಎಂದು 17ನೇ ಸೆಕ್ಷನ್ ಹೇಳುತ್ತದೆ. ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು. ಅವಧಿ ಬರೆದಿರದಿದ್ದರೆ 5 ವರ್ಷ, ಪ್ರದೇಶ ಬರೆದಿರದಿದ್ದರೆ ಭಾರತ ಮಾತ್ರ. ಇದು 19ನೇ ಸೆಕ್ಷನ್. ‘ಸಕಲ ಹಕ್ಕುಗಳೂ ಸಂಸ್ಥೆಗೆ, ಎಂದೆಂದಿಗೂ’ ಎಂಬ ಒಂದು ಸಾಲಿಗೆ ಅವಸರದಲ್ಲಿ ಸಹಿ ಹಾಕುವ ಹವ್ಯಾಸಿ ಬರಹಗಾರರು ಈ ಎರಡು ಸೆಕ್ಷನ್‌ಗಳನ್ನು ಓದಿಕೊಂಡಿರಲೇಬೇಕು. ಹಕ್ಕು ಮಾರಿದ ಮೇಲೂ ತನ್ನ ಹೆಸರು ಹಾಕಿಸಿಕೊಳ್ಳುವ, ಕೃತಿಯನ್ನು ತನಗೆ ಕೆಟ್ಟ ಹೆಸರು ಬರುವಂತೆ ವಿರೂಪಗೊಳಿಸದಂತೆ ತಡೆಯುವ ಹಕ್ಕು 57ನೇ ಸೆಕ್ಷನ್ನಿನ ಪ್ರಕಾರ ಕೃತಿಕಾರರದೇ.

ಸರ್ಕಾರಿ ದಾಖಲೆಗಳ ಮೇಲೆ ಸರ್ಕಾರಕ್ಕೆ ಹಕ್ಕುಸ್ವಾಮ್ಯ ಇದೆ. ಹಾಗೆಂದು ಅದನ್ನು ಮುಂದೆ ಮಾಡಿ ಮಾಹಿತಿ ನಿರಾಕರಿಸುವಂತಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 9ನೇ ಸೆಕ್ಷನ್, ಸರ್ಕಾರವನ್ನು ಬಿಟ್ಟು ಬೇರೆಯವರ ಹಕ್ಕುಸ್ವಾಮ್ಯಕ್ಕೆ ಧಕ್ಕೆಯಾಗುವಾಗ ಮಾತ್ರ ಅರ್ಜಿ ತಿರಸ್ಕರಿಸಲು ಬಿಡುತ್ತದೆ. ಕಡತದ ಟಿಪ್ಪಣಿ ಹಾಳೆಗಳನ್ನು ಆಧರಿಸಿ ವರದಿ ಮಾಡುವ ‘ದಿ ಫೈಲ್’ನಂಥ ಕನ್ನಡ ಜಾಲತಾಣದ ಕೆಲಸ ನಿಂತಿರುವ ನೆಲ ಇದು.

ಹಕ್ಕನ್ನು ತಾವಾಗಿ ಸಡಿಲಿಸಿ ಹಂಚಿಕೊಳ್ಳುವ ದಾರಿಯೂ ಇದೆ. 2002ರಿಂದ ಬಳಕೆಗೆ ಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ‘ಹೆಸರು ಹಾಕಿ ಬಳಸಿ’ ಎಂದು ಮೊದಲೇ ಒಪ್ಪಿಗೆ ಕೊಟ್ಟಿರುತ್ತವೆ. ಪಿ. ಸಾಯಿನಾಥ್ 2014ರಲ್ಲಿ ಆರಂಭಿಸಿದ ‘ಪರಿ’ ಜಾಲತಾಣ ಗ್ರಾಮೀಣ ಭಾರತದ ವರದಿಗಳನ್ನು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಯಾರು ಬೇಕಾದರೂ ಓದುವಂತೆ ಇಟ್ಟಿದೆ. ಅದೇ ವರ್ಷ ಪತ್ರಕರ್ತರೂ ಆಗಿದ್ದ ನಿರಂಜನರ ಕೃತಿಗಳನ್ನು ಅವರ ಕುಟುಂಬ ಮುಕ್ತ ಪರವಾನಗಿಗೆ ಒಪ್ಪಿಸಿತು. ಮೈಸೂರು ವಿಶ್ವವಿದ್ಯಾನಿಲಯವೂ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹಾಗೆಯೇ ಬಿಟ್ಟುಕೊಟ್ಟಿತು. ಕನ್ನಡಕ್ಕೆ ಇವು ದೊಡ್ಡ ಕೊಡುಗೆಗಳು.

ಹೊರಗೆ ನಡೆದದ್ದು, ಮುಂದೆ ಬರುತ್ತಿರುವುದು

ಗೂಗಲ್, ಫೇಸ್‌ಬುಕ್‌ಗಳಿಂದ ಸುದ್ದಿಗೆ ಹಣ ವಸೂಲಿ ಮಾಡಲು ಹಲವು ದೇಶಗಳು ಯತ್ನಿಸಿವೆ. ಸ್ಪೇನ್ ಕಡ್ಡಾಯ ಶುಲ್ಕದ ಕಾನೂನು ತಂದಾಗ 2014ರ ಕೊನೆಗೆ ಗೂಗಲ್ ನ್ಯೂಸ್ ಅಲ್ಲಿ ಬಾಗಿಲು ಹಾಕಿತು, ಮತ್ತೆ ತೆರೆದದ್ದು 2022ರಲ್ಲಿ. ಐರೋಪ್ಯ ಒಕ್ಕೂಟ 2019ರಲ್ಲಿ ಪತ್ರಿಕಾ ಪ್ರಕಾಶಕರಿಗೆ ಪ್ರತ್ಯೇಕ ಹಕ್ಕು ಕೊಟ್ಟಿತು. ಕೆನಡಾದಲ್ಲೂ ಹಣ ಕೊಡಿಸುವ ಕಾನೂನು ಬಂದಾಗ, 2023ರಲ್ಲಿ ಫೇಸ್‌ಬುಕ್ಕಿನ ಒಡೆಯ ಸಂಸ್ಥೆ ಮೆಟಾ ಅಲ್ಲಿ ಸುದ್ದಿ ತೋರಿಸುವುದನ್ನೇ ನಿಲ್ಲಿಸಿತು. ಫೇಸ್‌ಬುಕ್ ಹಂಚಿಕೆಯನ್ನೇ ನೆಚ್ಚಿಕೊಂಡಿದ್ದ ಸಣ್ಣ ಪತ್ರಿಕೆಗಳಿಗೆ ಇದರಿಂದ ಬಿದ್ದ ಪೆಟ್ಟು ದೊಡ್ಡದು.

ಕೃತಕ ಬುದ್ಧಿಮತ್ತೆಯೊಂದಿಗೆ ಈ ಜಗಳ ಹೊಸ ಘಟ್ಟಕ್ಕೆ ಬಂದಿದೆ. 2023ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್, 2024ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಎಎನ್‌ಐ, ತಮ್ಮ ಸುದ್ದಿಗಳನ್ನು ತರಬೇತಿಗೆ ಬಳಸಿದ್ದಕ್ಕಾಗಿ ಓಪನ್‌ಎಐ ಮೇಲೆ ದಾವೆ ಹೂಡಿದವು. ಕೇಂದ್ರ ಸರ್ಕಾರದ ಸಮಿತಿಯೊಂದು 2025ರ ಡಿಸೆಂಬರ್‌ನಲ್ಲಿ ಕಡ್ಡಾಯ ಪರವಾನಗಿ ಮತ್ತು ಗೌರವಧನದ ಸೂತ್ರವನ್ನು ಚರ್ಚೆಗೆ ಇಟ್ಟಿತು. ಗೌರವಧನ ಬರುವುದಾದರೆ ಅದು ದೊಡ್ಡ ಸಂಸ್ಥೆಗಳ ಜೇಬಿಗಷ್ಟೇ ಹೋಗಬಾರದು. ಯಾವ ಸಂಘಕ್ಕೂ ಸೇರದ ಕನ್ನಡ ಜಾಲತಾಣದ ವರದಿಗಾರರ ಪಾಲು ಹೇಗೆ ತಲುಪುತ್ತದೆ ಎಂದು ಈಗಲೇ ಬರೆದಿಡಬೇಕು.

ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಚಿಕ್ಕದು, ಅದಕ್ಕೆ ಹೊಸ ಕಾಯಿದೆಯೂ ಬೇಡ. ಭಾರತದಲ್ಲಿ ನಡೆಯುವ ವಾಹಿನಿಯ ಮೇಲೆ ಭಾರತದಿಂದ ಕೊಡುವ ಪ್ರತಿಯೊಂದು ದೂರಿಗೂ 75ನೇ ನಿಯಮವೇ ಅಳತೆಗೋಲಾಗಬೇಕು. ಈ ಬಳಕೆ 52ನೇ ಸೆಕ್ಷನ್ನಿಗೆ ಏಕೆ ಒಳಪಡುವುದಿಲ್ಲ ಎಂದು ದೂರುದಾರರು ಬರೆದುಕೊಡಬೇಕು, 21 ದಿನದಲ್ಲಿ ಆದೇಶ ತರಬೇಕು, ತರದಿದ್ದರೆ ವಿಡಿಯೊ ವಾಪಸು ಬರಬೇಕು, ಸ್ಟ್ರೈಕ್ ಅಳಿಯಬೇಕು. ಕೇಂದ್ರ ಸರ್ಕಾರ ಇದನ್ನು ವೇದಿಕೆಗಳಿಗೆ ಕಡ್ಡಾಯ ಮಾಡಲಿ. ಅಲ್ಲಿಯವರೆಗೆ ಸ್ಟ್ರೈಕ್ ಬಿದ್ದ ವಾಹಿನಿಯವರು ವಿಡಿಯೊ ಅಳಿಸಿ ಸುಮ್ಮನಾಗದೆ, ಮೂಲ ಫೈಲು ಜೋಪಾನವಾಗಿಟ್ಟುಕೊಂಡು, ಉತ್ತರದ ಮೊದಲ ಸಾಲಿನಲ್ಲೇ 52ನೇ ಸೆಕ್ಷನ್ ಬರೆದು ಕಳಿಸಲಿ.